ಅಪ್ಪೆಗ್ ಜ್ವರ

"ಯಾರಿಗೆ ಅಕ್ಕ, ಈ ಬೋರ್ಡು?"

ಈ ಪ್ರಶ್ನೆಗೆ ಶಂಕರಿ ಭಟ್ ಬಸ್ಸಿನಲ್ಲೇ ಉತ್ತರ ತಯಾರು ಮಾಡಿಕೊಂಡು ಬಂದಿದ್ದಳು. "ನನ್ನ ಅಕ್ಕನ ಮಗನಿಗೆ. ಓವರ್‌ಕ್ಲಾಕಿಂಗ್ ಮಾಡ್ತಾನಂತೆ. ಅದಕ್ಕೆ ಸರಿಯಾದ ಮದರ್‌ಬೋರ್ಡ್ ಬೇಕಂತೆ."

"ಪ್ರೊಸೆಸರ್ ಯಾವುದು ಉಂಟು ಅವನ ಹತ್ರ?"

ಇದಕ್ಕೆ ತಯಾರಿ ಇರಲಿಲ್ಲ. "ಒಳ್ಳೆಯದೇ ಉಂಟು" ಅಂದುಬಿಟ್ಟಳು.

ಹಸೈನಾರ್ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ. ಮೂಡುಬಿದಿರೆಯಲ್ಲಿ ಹದಿನೈದು ವರ್ಷದಿಂದ ಕಂಪ್ಯೂಟರ್ ಅಂಗಡಿ ನಡೆಸುತ್ತ ಬಂದವನು. ಸೊಸೆಗೆ ಸೀರೆ ಆರಿಸುವ ಧಾಟಿಯಲ್ಲಿ ಮದರ್‌ಬೋರ್ಡ್ ಆರಿಸಲು ಬಂದ ಹೆಂಗಸನ್ನು ಅವನು ನೋಡುತ್ತಿರುವುದು ಇದೇ ಮೊದಲು.

ಶಂಕರಿಗೆ ಇಂಥ ನೋಟ ಹೊಸತಲ್ಲ. ಬಿ.ಸಿ. ರೋಡಿನ ಬೇಕರಿಯೊಂದರ ಮಹಡಿಯಲ್ಲಿ ಕೂತು, ಮದುವೆಗೆ ಮುಂಚೆ ಗಂಡಿನ ಗುಣಾವಗುಣ ಪತ್ತೆ ಮಾಡಿಕೊಡುವುದು ಅವಳ ಕಸುಬು. ವಿಚಾರಣೆಗೆ ಬಂದೆ ಅಂದರೆ ಬಾಯಿ ಹೊಲಿದುಕೊಳ್ಳುವ ನೆರೆಮನೆಯವರು, ಬಾಡಿಗೆ ಮನೆ ಹುಡುಕುತ್ತಿದ್ದೇನೆ ಅಂದರೆ ಕುರ್ಚಿ ಹಾಕಿ ಕೂರಿಸಿ ಊರಿನ ಕತೆ ಪೂರ್ತಿ ಹೇಳುತ್ತಾರೆ. ಹಾಗಾಗಿ ಇಲ್ಲಿಯೂ ಗಿರಾಕಿಯ ವೇಷ.

ಈ ಸಲ ಹುಡುಕಬೇಕಾದದ್ದು ಮಾತ್ರ ಗಂಡಿನ ಗುಣವಲ್ಲ, ಗಂಡನ್ನೇ. ಇಂಜಿನಿಯರಿಂಗ್ ಓದುತ್ತಿದ್ದ ಶೋಧನ್ ಶೆಟ್ಟಿ ಹೋದ ವಾರ ಸೋಮವಾರ ಮಧ್ಯಾಹ್ನ ಮೂಡುಬಿದಿರೆ ಬಸ್ ಸ್ಟ್ಯಾಂಡಿನ ಜ್ಯೂಸ್ ಅಂಗಡಿಯಲ್ಲಿ ಅರ್ಧ ಗ್ಲಾಸು ಲಿಂಬೆ ಶರಬತ್ತು ಹಾಗೆಯೇ ಬಿಟ್ಟು, "ಅಪ್ಪೆಗ್ ಜ್ವರ" ಎಂದು ಓಡಿದವನು ಮತ್ತೆ ಯಾರ ಕಣ್ಣಿಗೂ ಬಿದ್ದಿಲ್ಲ. ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ. ಆದರೆ ಪಾಣೆಮಂಗಳೂರಿನಲ್ಲಿರುವ ಅವನ ತಾಯಿ ಕಾಂತಿ ಶೆಟ್ಟಿಗೆ ಆ ದಿನ ನೆಗಡಿ ಕೂಡ ಇರಲಿಲ್ಲ.

"ನನಗೆ ಜ್ವರ ಅಂತ ಸುಳ್ಳು ಹೇಳಿ ಯಾರೋ ನನ್ನ ಮಗನನ್ನು ಕರೆಸಿಕೊಂಡಿದ್ದಾರೆ. ಆ ಸುಳ್ಳು ಹೇಳಿದವರು ಯಾರು ಅಂತ ಹುಡುಕಿ ಕೊಡಿ ಶಂಕರಿಯಕ್ಕ" ಎಂದು ಕಾಂತಿ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತ ಅತ್ತಿದ್ದಳು. ಪೊಲೀಸರು ನೋಡಿದರೆ, ಶೋಧನನ ಮೊಬೈಲಿಗೆ ಆ ಹೊತ್ತಿನಲ್ಲಿ ಯಾವ ಕರೆಯೂ ಬಂದಿರಲಿಲ್ಲ. ಪ್ರಾಯದ ಹುಡುಗ, ಬರ್ತಾನೆ, ಸ್ವಲ್ಪ ದಿನ ನೋಡುವ ಎಂದು ಅವರು ಸುಮ್ಮನಾದರು.

ಶಂಕರಿ ಸುಮ್ಮನಾಗುವ ಜಾತಿಯಲ್ಲ. ಶೋಧನ್ ಹಾಸ್ಟೆಲಿಗಿಂತ ಹೆಚ್ಚು ಹೊತ್ತು ಕೂರುತ್ತಿದ್ದದ್ದು ಹಸೈನಾರನ ಅಂಗಡಿಯಲ್ಲಿ ಎಂದು ಗೊತ್ತಾದ ಕೂಡಲೇ ಬಸ್ಸು ಹತ್ತಿದ್ದಳು.

"ಓವರ್‌ಕ್ಲಾಕಿಂಗ್ ಅಂದ್ರೆ ಎಂತ ಅಂತಾದ್ರೂ ಗೊತ್ತುಂಟಾ ಅಕ್ಕ ನಿಮಗೆ?"

"ಇಲ್ಲ ಮಾರಾಯ್ರೆ. ಹೇಳಿ, ನಾನೂ ಕಲೀತೇನೆ."

ಆ ಮಾತು ಅವಳು ನಟಿಸಿ ಹೇಳಿದ್ದಲ್ಲ. ಗೊತ್ತಿಲ್ಲದ್ದನ್ನು ತಿಳಿದುಕೊಳ್ಳುವುದೆಂದರೆ ಶಂಕರಿಗೆ ಊಟದಷ್ಟೇ ಇಷ್ಟ. ಹಸೈನಾರನಿಗೂ ಕಲಿಸುವ ಚಪಲ. ಒಂದು ಸ್ಟೂಲು ಎಳೆದು ಕೊಟ್ಟು, ಎರಡು ಬೋರ್ಡುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟ.

"ಪ್ರೊಸೆಸರನ್ನು ಕಂಪೆನಿ ಹೇಳಿದ್ದಕ್ಕಿಂತ ಜೋರು ಓಡಿಸುವುದು, ಅಷ್ಟೇ. ಆದ್ರೆ ಎಲ್ಲ ಬೋರ್ಡೂ ಬಿಡುವುದಿಲ್ಲ. ಈ ಎಡಗಡೆಯದ್ದು ಉಂಟಲ್ಲ, ಚಂದ ಉಂಟು, ಬಣ್ಣದ ಲೈಟು ಉಂಟು. ಆದ್ರೆ ಇದರ ಚಿಪ್‌ಸೆಟ್‌ಗೆ ಬೀಗ. ಎಂಥ ಪ್ರೊಸೆಸರ್ ಹಾಕಿದ್ರೂ ವೇಗ ಏರಿಸ್ಲಿಕ್ಕೆ ಆಗುವುದಿಲ್ಲ."

"ಹಾಗಾದ್ರೆ ಈ ಲೈಟು ಯಾಕೆ?"

"ನೋಡ್ಲಿಕ್ಕೆ" ಎಂದು ಹಸೈನಾರ್ ನಕ್ಕ. "ಓವರ್‌ಕ್ಲಾಕ್ ಮಾಡುವವ ಲೈಟು ನೋಡುವುದಿಲ್ಲ. ಅವ ನೋಡುವುದು ಇಲ್ಲಿ."

ಬಲಗಡೆಯ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗದ ಸುತ್ತ ಸಾಲಾಗಿ ಕೂತಿದ್ದ ಸಣ್ಣ ಸಣ್ಣ ಚೌಕಗಳನ್ನು ಅವನು ಪೆನ್ನಿನ ತುದಿಯಿಂದ ತೋರಿಸಿದ. ಹೊರಗಿನಿಂದ ಬರುವುದು ಹನ್ನೆರಡು ವೋಲ್ಟು. ಪ್ರೊಸೆಸರಿಗೆ ಬೇಕಾದದ್ದು ಒಂದೂಕಾಲು, ಹೆಚ್ಚೆಂದರೆ ಒಂದೂವರೆ. ಇಳಿಸಿ ಕೊಡುವ ಕೆಲಸ ಈ ಚೌಕಗಳದ್ದು.

"ಹೆಗಲು ಕೊಡುವವರು ಜಾಸ್ತಿ ಇದ್ದಷ್ಟು ಒಬ್ಬೊಬ್ಬರಿಗೆ ಭಾರ ಕಮ್ಮಿ. ಅವರ ಮೇಲೆ ಈ ದಪ್ಪ ಅಲ್ಯೂಮಿನಿಯಂ ತುಂಡು ಇರ್ಬೇಕು, ಬಿಸಿ ಎಳ್ಕೊಳ್ಳಿಕ್ಕೆ. ಇದನ್ನು ನೋಡದೆ ಅಗ್ಗಕ್ಕೆ ಸಿಕ್ತು ಅಂತ ತಗೊಂಡು ವೋಲ್ಟೇಜ್ ಏರಿಸಿದ್ರೆ ಪ್ರೊಸೆಸರ್ ತಣ್ಣಗೆ ಇರ್ತದೆ, ಬೋರ್ಡಿಗೆ ಜ್ವರ ಬರ್ತದೆ."

ಶಂಕರಿ ತಲೆ ಎತ್ತಿದಳು. "ಎಂತ ಬರ್ತದೆ?"

"ಜ್ವರ. ನಮ್ಮ ಹುಡುಗರು ಹಾಗೇ ಹೇಳುವುದು ಅಕ್ಕ. ಬೋರ್ಡು ಬಿಸಿಯಾದ್ರೆ ಜ್ವರ. ಮದರ್‌ಬೋರ್ಡ್ ಅಂತ ಉದ್ದ ಹೇಳುವವರು ಯಾರು? ತುಳುವಿನ ಮಕ್ಕಳಿಗೆ ಅದು ಅಪ್ಪೆ. ಹೊಸ ಅಪ್ಪೆ ಬಂತಾ ಅಂತ ಕೇಳ್ತಾರೆ ನನ್ನ ಹತ್ರ, ನಾಚಿಕೆ ಇಲ್ಲದೆ."

ಶಂಕರಿಗೆ ಒಂದು ಕ್ಷಣ ಕಿವಿ ಗುಂಯ್ ಅಂದಿತು. ಹುಟ್ಟಿದ್ದು ಇದೇ ಮಣ್ಣಿನಲ್ಲಿ, ತುಳು ನಾಲಿಗೆಯ ತುದಿಯಲ್ಲಿ. ಆದರೂ ಒಂದು ವಾರದಿಂದ ಆ ಎರಡು ಶಬ್ದವನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗಿದ್ದಳು! ತನ್ನ ಮೇಲೆ ತನಗೇ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಖುಷಿಯೂ ಬಂತು, ಅದನ್ನು ಅಡಗಿಸಲು ಪರ್ಸಿನ ಝಿಪ್ಪು ಎಳೆದಳು.

ಯಾರೂ ಸುಳ್ಳು ಹೇಳಿರಲಿಲ್ಲ. ಕರೆಯೇ ಬಂದಿರಲಿಲ್ಲ. ಎಲ್ಲೋ ಒಂದು ಕಡೆ ಓಡುತ್ತಿದ್ದ ಬೋರ್ಡು ಬಿಸಿಯಾಗಿದ್ದನ್ನು ಶೋಧನ್ ಮೊಬೈಲಿನಲ್ಲಿ ನೋಡಿದ್ದ.

"ಬೋರ್ಡಿನ ಬಿಸಿ ಎಷ್ಟು ಅಂತ ದೂರದಿಂದ ಗೊತ್ತಾಗ್ತದಾ?"

"ಫೋನಲ್ಲೇ ಕಾಣ್ತದೆ. ಗಳಿಗೆಗೊಮ್ಮೆ ನೋಡ್ತಾ ಕೂರ್ತಾರೆ."

"ಇದಕ್ಕಿಂತ ಒಳ್ಳೆಯದು ಇಲ್ವಾ? ಸ್ಪರ್ಧೆಗೆ ಹೋಗುವವರು ತಗೊಳ್ಳುವಂಥದ್ದು?"

ಹಸೈನಾರನ ಮುಖ ಅರಳಿತು. "ಉಂಟು. ಎರಡು ಸ್ಲಾಟಿನದ್ದು. ಸಾಮಾನ್ಯ ಬೋರ್ಡಲ್ಲಿ ಮೆಮೊರಿ ಹಾಕ್ಲಿಕ್ಕೆ ನಾಲ್ಕು ಜಾಗ. ಗೊತ್ತಿಲ್ಲದವರು ನಾಲ್ಕು ಜಾಸ್ತಿ ಅಂತ ಅದನ್ನೇ ತಗೊಳ್ತಾರೆ. ಎರಡೇ ಇದ್ರೆ ಪ್ರೊಸೆಸರಿಗೆ ದಾರಿ ಹತ್ತಿರ, ಮಧ್ಯೆ ಅಡ್ಡಿ ಇಲ್ಲ. ಮೆಮೊರಿಯನ್ನೂ ಕಣ್ಣು ಮುಚ್ಚಿ ಓಡಿಸ್ಬಹುದು. ಈ ವರ್ಷ ನನ್ನ ಕೈಯಿಂದ ಹೋದದ್ದು ಒಂದೇ ಒಂದು."

"ಯಾರಿಗೆ ಹೋಯ್ತು?"

"ಬೆಳ್ತಂಗಡಿಯ ಹೋಟೆಲಿನ ರಮಾನಾಥ ಶೆಟ್ರು ತರಿಸಿದ್ರು. ಹೆಸರು, ನಂಬರು ಎಲ್ಲ ಬಾಯಿಪಾಠ ಮಾಡ್ಕೊಂಡು ಬಂದಿದ್ರು ಪಾಪ."

ರಮಾನಾಥ ಶೆಟ್ಟಿ ಅಂದರೆ ಕಾಂತಿಯ ಅಣ್ಣ, ಶೋಧನನ ಸೋದರಮಾವ. ಕಾಂತಿಯ ಮನೆಯ ಚಾವಡಿಯಲ್ಲಿ ಕೂತು, "ಕಂಪ್ಯೂಟರ್ ಅಂದ್ರೆ ನನಗೆ ಬಿಲ್ ಬರುವ ಪೆಟ್ಟಿಗೆ, ಅದಕ್ಕಿಂತ ಹೆಚ್ಚು ಗೊತ್ತಿಲ್ಲ" ಎಂದು ಶಂಕರಿಯ ಮುಖಕ್ಕೇ ಹೇಳಿದ ಮನುಷ್ಯ.

ಎದ್ದು ಹೊರಟವಳನ್ನು ಹಸೈನಾರ್ ತಡೆದ. "ಅಕ್ಕ, ನಿಮ್ಮ ಅಕ್ಕನ ಮಗ ಸ್ಪರ್ಧೆಗೆ ಅಂತ ಹೊರಟ್ರೆ ಒಂದು ಮಾತು ಹೇಳಿ. ಅವರು ಫ್ಯಾನು, ನೀರು ಎಲ್ಲ ಬಿಟ್ಟು ಲಿಕ್ವಿಡ್ ನೈಟ್ರೋಜನ್ ಹೊಯ್ತಾರೆ. ಮುಚ್ಚಿದ ಕೋಣೆಯಲ್ಲಿ ಹೊಯ್ದರೆ ಉಸಿರಾಡುವ ಗಾಳಿ ಕಮ್ಮಿಯಾಗ್ತದೆ. ಕೆಮ್ಮು ಇಲ್ಲ, ವಾಸನೆ ಇಲ್ಲ. ಕೂತಲ್ಲೇ ಬೀಳ್ತಾರೆ."

"ಅದು ನಮ್ಮೂರಲ್ಲಿ ಎಲ್ಲಿ ಸಿಗ್ತದೆ?"

"ದನಗಳಿಗೆ ಇಂಜೆಕ್ಷನ್ ಕೊಡುವವರ ಹತ್ರ. ಹೋರಿಯ ಬೀಜ ಕೆಡದ ಹಾಗೆ ಅದರಲ್ಲೇ ಮುಳುಗಿಸಿ ಇಡುವುದಲ್ವಾ."

ಬಸ್ ಸ್ಟ್ಯಾಂಡಿನಲ್ಲಿ ಜ್ಯೂಸ್ ಅಂಗಡಿಯ ಬೀಫಾತಿಮಾ ಶುಂಠಿ ಜಜ್ಜುತ್ತಿದ್ದಳು. ಶಂಕರಿ ನೇರ ವಿಷಯಕ್ಕೆ ಬಂದಳು. "ಅವತ್ತು ಶೋಧನ್ ಫೋನಲ್ಲಿ ಮಾತಾಡಿದನಾ, ಫೋನ್ ನೋಡಿದನಾ?"

"ನೋಡಿದ. ಕಿವಿಗೆ ಇಟ್ಟದ್ದೇ ಇಲ್ಲ. ನಾನು ಹೇಳಿದ್ದೂ ಹಾಗೇ. ಫೋನ್ ಬಂತು ಅಂತ ಮಾಡಿಕೊಂಡದ್ದು ನೀವು" ಎಂದು ಬೀಫಾತಿಮಾ ಕೈ ಒರೆಸಿಕೊಂಡಳು. "ಸಿಕ್ಕಿದನಾ ಅಕ್ಕ?"

"ಸಿಗ್ತಾನೆ" ಎಂದು ಶಂಕರಿ ಬೆಳ್ತಂಗಡಿ ಬಸ್ಸು ಹತ್ತಿದಳು. ವೇಣೂರು ದಾಟುವವರೆಗೂ ಹಸೈನಾರನ ಕಡೆಯ ಮಾತು ತಲೆಯಿಂದ ಹೋಗಲಿಲ್ಲ. ಶೋಧನನನ್ನು ಅವಳು ಫೋಟೋದಲ್ಲಷ್ಟೇ ನೋಡಿದ್ದು. ಮುಂದಿನ ಎರಡು ಹಲ್ಲಿನ ನಡುವೆ ಸಂದು, ನಗು ಮಾತ್ರ ಮುಖದ ತುಂಬ. ಆ ಹುಡುಗ ಬದುಕಿರಲಿ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು.

ರಮಾನಾಥ ಶೆಟ್ಟರ ಹೋಟೆಲಿನಲ್ಲಿ ಊಟದ ಗದ್ದಲ ಮುಗಿದಿತ್ತು. ಮೀನು ಸಾರಿನ ವಾಸನೆ ಮಾತ್ರ ಇನ್ನೂ ಎದ್ದು ಹೋಗಿರಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಶೆಟ್ಟರು ಅವಳನ್ನು ಕಂಡು ಎದ್ದು ನಿಂತರು. ಅರುವತ್ತರ ಹತ್ತಿರದ ಧಡೂತಿ ಮನುಷ್ಯ, ಹೆಗಲ ಮೇಲೆ ಯಾವಾಗಲೂ ಬೈರಾಸು, ಅಂದರೆ ಟವೆಲು. ಇಬ್ಬರ ಮಾತೂ ನಡೆದದ್ದು ತುಳುವಿನಲ್ಲಿ. ಇಲ್ಲಿ ಎಲ್ಲರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ.

"ಬನ್ನಿ ಬನ್ನಿ ಶಂಕರಿಯಕ್ಕ. ನಮ್ಮಲ್ಲಿ ನಿಮಗೆ ಚಹಾ ಮಾತ್ರ ಆಗ್ಬಹುದು."

"ಚಹಾ ಇರಲಿ. ಎರಡು ಸ್ಲಾಟಿನ ಬೋರ್ಡು ಎಲ್ಲಿ ಉಂಟು?"

"ಎಂತ ಬೋರ್ಡು? ಹೋಟೆಲಿನ ಬೋರ್ಡು ಹೊರಗೆ ಉಂಟಲ್ಲ, ನೋಡಿಲ್ವಾ?" ಶೆಟ್ಟರು ನಕ್ಕರು. ನಗು ಅರ್ಧಕ್ಕೇ ನಿಂತಿತು.

ಶಂಕರಿ ಅಡುಗೆಮನೆ ದಾಟಿ ಹಿತ್ತಿಲಿಗೆ ನಡೆದೇಬಿಟ್ಟಳು. ಹಿಂದೆಯೇ ಶೆಟ್ಟರು, "ಅಕ್ಕ, ಅಲ್ಲಿ ಎಂತ ಇಲ್ಲ, ಅಲ್ಲಿ ಕೆಸರು ಉಂಟು" ಎನ್ನುತ್ತ ಬಂದರು.

ಹಿತ್ತಿಲಲ್ಲಿ ಕೆಸರು ಇರಲಿಲ್ಲ. ಗ್ಯಾಸ್ ಸಿಲಿಂಡರುಗಳ ಸಾಲು, ತೊಳೆದು ಕವುಚಿ ಹಾಕಿದ ದೊಡ್ಡ ಪಾತ್ರೆಗಳು. ಅವುಗಳ ನಡುವೆ ಗೋಣಿ ಮುಚ್ಚಿದ್ದರೂ ಕತ್ತು ಹೊರಗೆ ಕಾಣುತ್ತಿದ್ದ ಒಂದು ಅಲ್ಯೂಮಿನಿಯಂ ಕ್ಯಾನು, ಹೊಟ್ಟೆ ಅಗಲ, ಕತ್ತು ಕಿರಿದು. ಹಾಲಿನ ಸೊಸೈಟಿಯ ಕಡೆಯಿಂದ ದನಗಳಿಗೆ ಇಂಜೆಕ್ಷನ್ ಕೊಡಲು ಬೈಕಿನಲ್ಲಿ ಬರುವವರ ಹಿಂಬದಿಯಲ್ಲಿ ಅದನ್ನು ಅವಳು ಎಷ್ಟೋ ಸಲ ನೋಡಿದ್ದಳು.

"ಶೆಟ್ರೇ, ನಿಮ್ಮ ಹೋಟೆಲಲ್ಲಿ ದನ ಎಷ್ಟು ಉಂಟು?"

ಶೆಟ್ಟರು ಬೈರಾಸಿನಿಂದ ಕತ್ತು ಒರೆಸಿಕೊಂಡರು.

ಕ್ಯಾನಿನ ಪಕ್ಕದಲ್ಲಿ ಒಂದು ಸಾಮಾನಿನ ಕೋಣೆ. ಬಾಗಿಲಿಗೆ ಬೀಗ. ಇದ್ದ ಒಂದೇ ಕಿಟಕಿಯ ಸಂದಿಗೆ ಗೋಣಿ ಚೀಲ ತುರುಕಿ ಮುಚ್ಚಿತ್ತು. ಹಸೈನಾರನ ಮಾತು ನೆನಪಾಯಿತು. ವಾಸನೆ ಇಲ್ಲ, ಕೆಮ್ಮು ಇಲ್ಲ, ಕೂತಲ್ಲೇ ಬೀಳ್ತಾರೆ.

"ಬಾಗಿಲು ತೆಗೀರಿ."

"ಅಕ್ಕ, ನಾನು ಹೇಳ್ತೇನೆ, ಸ್ವಲ್ಪ ಕೂತ್ಕೊಳ್ಳಿ..."

"ಮೊದಲು ಬಾಗಿಲು ತೆಗೀರಿ ಶೆಟ್ರೇ!"

ಅವಳ ದನಿ ಅವಳಿಗೇ ಹೊಸತು ಅನ್ನಿಸಿತು. ಪಾತ್ರೆ ತೊಳೆಯುತ್ತಿದ್ದ ಹೆಂಗಸು ಕೆಲಸ ನಿಲ್ಲಿಸಿ ನೋಡಿದಳು. ಶೆಟ್ಟರು ಬೀಗದ ಕೈ ಹುಡುಕಿ, ಎರಡು ತಪ್ಪು ಕೈ ಹಾಕಿ, ಮೂರನೆಯದರಲ್ಲಿ ತೆಗೆದರು.

ಒಳಗೆ ಯಾರೂ ಇರಲಿಲ್ಲ.

ಶಂಕರಿ ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಉಸಿರು ಸರಿಯಾದ ಮೇಲೆ ಒಳಗೆ ಹೋದಳು. ಒಂದು ಮೇಜು, ಅದರ ಮೇಲೆ ಒಂದು ಪರದೆ, ವಯರುಗಳ ರಾಶಿ, ಒಂದು ತಾಮ್ರದ ಸಣ್ಣ ಪಾತ್ರೆ. ಮಧ್ಯೆ ಬೋರ್ಡು ಕೂರಿಸುವ ಚೌಕಟ್ಟು ಖಾಲಿ. ಧೂಳಿನಲ್ಲಿ ಅದರ ಗುರುತು ಮಾತ್ರ ಉಳಿದಿತ್ತು. ಚೌಕಟ್ಟಿನ ಪಕ್ಕ ಒಂದು ಸಣ್ಣ ಫ್ಯಾನು ಬಿದ್ದಿತ್ತು, ಅದರ ರೆಕ್ಕೆಯ ನಡುವೆ ಒಣಗಿದ ಹಲ್ಲಿಯ ಬಾಲ.

"ಈ ಫ್ಯಾನು ನಿಂತದ್ದಕ್ಕೇ ಬೋರ್ಡು ಬಿಸಿಯಾದದ್ದು. ಅಲ್ವಾ?"

ಶೆಟ್ಟರು ಅಕ್ಕಿ ಚೀಲದ ಮೇಲೆ ಕುಸಿದು ಕೂತರು. ಇನ್ನು ಮುಚ್ಚಿಡುವುದಕ್ಕೆ ಅವರಲ್ಲಿ ತ್ರಾಣ ಇರಲಿಲ್ಲ.

"ಹೌದು ಅಕ್ಕ. ಬೋರ್ಡು ಅವನೇ ಆರಿಸಿದ್ದು, ತರಿಸಿದ್ದು ನಾನು. ಕಾಂತಿ ಅವನ ಹಳೆಯದನ್ನು ಗುಜರಿಯವನಿಗೆ ಕೊಟ್ಟಿದ್ದಳು. ಓದು ಹಾಳಾಗ್ತದೆ ಅಂತ. ಹುಡುಗ ಎರಡು ದಿನ ಊಟ ಬಿಟ್ಟ. ನನಗೆ ತಡೀಲಿಕ್ಕೆ ಆಗ್ಲಿಲ್ಲ. ಇಲ್ಲೇ ಮಾಡು ಮಗಾ, ನಿನ್ನ ಅಮ್ಮನಿಗೆ ನಾನು ಹೇಳುವುದಿಲ್ಲ ಅಂದೆ. ಬೆಂಗಳೂರಿನ ಫೈನಲಿಗೆ ಆಯ್ಕೆಯಾಗಿದ್ದಾನೆ, ಗೊತ್ತುಂಟಾ ನಿಮಗೆ? ಇಡೀ ದೇಶದಿಂದ ಎಂಟು ಜನ!"

ಹೇಳುವಾಗ ಆ ಮುಖದಲ್ಲಿ ಹೆಮ್ಮೆ ಬಂದು ಹೋಯಿತು. ಶಂಕರಿಗೆ ಅದನ್ನು ನೋಡಿ ಪಾಪ ಅನ್ನಿಸಿತು, ಆದರೂ ಬಿಡಲಿಲ್ಲ. "ಸೋಮವಾರ ಅವನು ಇಲ್ಲಿಗೆ ಬಂದನಾ?"

"ಬಂದ. ಬಸ್ಸಿಂದ ಇಳಿದು ಓಡಿಕೊಂಡೇ ಬಂದ. ಕಿಟಕಿ ಬಾಗಿಲು ಎಲ್ಲ ತೆಗೆದಿಟ್ಟು, ಬೋರ್ಡು ಬಿಚ್ಚಿ ನೋಡಿ, ದೇವರ ದಯೆ ಮಾವ, ಸುಟ್ಟಿಲ್ಲ ಅಂದ. ಮತ್ತೆ ಅದನ್ನು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಕೊಂಡು ಹೇಳಿದ, ನನ್ನನ್ನು ಮನೆಗೆ ಬಿಡಿ ಅಂತ."

"ಯಾವ ಮನೆಗೆ?"

"ಪಾಣೆಮಂಗಳೂರಿಗೆ. ನಿನ್ನ ಅಮ್ಮ ಇದನ್ನೂ ಗುಜರಿಗೆ ಹಾಕ್ತಾಳೆ ಮಾರಾಯ ಅಂದೆ. ಇಲ್ಲ ಮಾವ, ಕದ್ದು ಹೋಗುವುದಿಲ್ಲ, ಅಮ್ಮನ ಎದುರು ಇಟ್ಟು, ಹೇಳಿಯೇ ಹೋಗ್ತೇನೆ ಫೈನಲಿಗೆ ಅಂದ. ನಾನೇ ಕಾರಿನಲ್ಲಿ ಕರ್ಕೊಂಡು ಹೋದೆ. ನಾನು ಒಳಗೆ ಬಂದ್ರೆ ಜಗಳ ಜೋರಾಗ್ತದೆ ಅಂತ ಗೇಟಿನ ಆಚೆ ತಿರುವಿನಲ್ಲೇ ನಿಂತೆ." ಶೆಟ್ಟರು ಬೈರಾಸನ್ನು ಹಿಂಡಿದರು. "ಬಾಗಿಲು ತೆಗೆದದ್ದು ಕಾಂತಿಯೇ. ನಾನು ಕಣ್ಣಾರೆ ನೋಡಿದ್ದೇನೆ."

ಅಳುತ್ತ ಕೂತಿದ್ದ ಕಾಂತಿಯ ಮುಖವನ್ನು ಶಂಕರಿ ನೆನಪಿಗೆ ತಂದುಕೊಂಡಳು. ನೂರಾರು ಮನೆಗಳಲ್ಲಿ ಸುಳ್ಳು ಹೇಳುವ ಮುಖಗಳನ್ನು ನೋಡಿದವಳು, ಆ ಮುಖದಲ್ಲಿ ಸುಳ್ಳು ಕಂಡಿರಲಿಲ್ಲ.

"ಮರುದಿನ ಬೆಳಿಗ್ಗೆ ಫೋನ್ ಮಾಡಿದಳು. ಅಣ್ಣ, ಶೋಧನ್ ಕಾಣೆಯಾಗಿದ್ದಾನೆ ಅಂತ ಅತ್ತಳು. ನಾನು ಎಂತ ಹೇಳ್ಲಿ ಅಕ್ಕ? ನಿನ್ನ ಮನೆಯ ಒಳಗೆ ಹೋದದ್ದನ್ನು ನಾನೇ ನೋಡಿದ್ದೇನೆ ಅಂತ ಹೇಳ್ಲಾ? ಪೊಲೀಸರಿಗೆ ಹೇಳಿದ್ರೆ ಅವರು ಮೊದಲು ಹಿಡಿಯುವುದು ಯಾರನ್ನು? ಒಬ್ಬಳೇ ತಂಗಿ ನನಗೆ."

"ಅಪ್ಪೆಗ್ ಜ್ವರ ಅಂದ್ರೆ ಎಂತ ಅಂತ ಕಾಂತಿಗೆ ಗೊತ್ತಿತ್ತಾ?"

ಶೆಟ್ಟರು ತಲೆ ತಗ್ಗಿಸಿದರು. "ಅವನು ಮನೆಯಲ್ಲಿ ಮಾತಾಡುವುದೇ ಹಾಗೆ. ನಿನಗೆ ಆ ಅಪ್ಪೆ ಇದ್ದರೆ ಸಾಕಲ್ಲ, ನಾನು ಯಾಕೆ ಅಂತ ಅವಳು ಬೈದದ್ದನ್ನು ನಾನೇ ಕೇಳಿದ್ದೇನೆ."

ಹಾಗಾದರೆ ಜ್ಯೂಸ್ ಅಂಗಡಿಯಿಂದ ಆ ಮಾತು ಕಿವಿಗೆ ಬಿದ್ದ ಗಳಿಗೆಯಲ್ಲೇ ಮಗ ಓಡಿದ್ದು ಯಾವುದರ ಹಿಂದೆ ಎಂದು ಕಾಂತಿಗೆ ತಿಳಿದಿತ್ತು. ತಿಳಿದೂ, ಸುಳ್ಳು ಹೇಳಿದವನನ್ನು ಹುಡುಕಿ ಎಂದು ಶಂಕರಿಯನ್ನು ಊರೂರು ಸುತ್ತಿಸಿದ್ದಳು.

ಆಗಲೇ ಶಂಕರಿಯ ಫೋನು ಹೊಡೆದುಕೊಂಡಿತು. ಕಾಂತಿ.

ಶೆಟ್ಟರು ಬೇಡ ಬೇಡ ಎಂದು ಕೈ ಆಡಿಸಿದರು. ಶಂಕರಿ ತುಟಿಯ ಮೇಲೆ ಬೆರಳಿಟ್ಟು, ಸ್ಪೀಕರ್ ಒತ್ತಿದಳು.

"ಎಲ್ಲಿದ್ದೀರಿ ಶಂಕರಿಯಕ್ಕ? ಎಂತಾದ್ರೂ ಗೊತ್ತಾಯ್ತಾ?" ಕಾಂತಿಯ ದನಿಯ ಹಿಂದೆ ದೊಡ್ಡ ಯಂತ್ರವೊಂದು ಗುಡುಗುತ್ತಿತ್ತು.

"ಮೂಡುಬಿದಿರೆಯಲ್ಲಿದ್ದೇನೆ. ಇನ್ನೂ ಎಂತ ಗೊತ್ತಾಗಲಿಲ್ಲ" ಎಂದಳು ಶಂಕರಿ, ದನಿ ಆದಷ್ಟು ಸಪ್ಪೆ ಮಾಡಿಕೊಂಡು. "ಅದು ಎಂಥ ಶಬ್ದ, ನಿಮ್ಮಲ್ಲಿ?"

"ಜೆಸಿಬಿ ಬಂದಿದೆ. ಹಿತ್ತಿಲಿನ ಬಾವಿಗೆ ಮಣ್ಣು ಹಾಕಿಸ್ತಾ ಇದ್ದೇನೆ. ಎಷ್ಟು ದಿನದಿಂದ ಅಂದ್ಕೊಂಡದ್ದು, ಇವತ್ತು ಜನ ಸಿಕ್ಕಿದ್ರು. ಎಂತ ಕೇಳುವುದಿಲ್ಲ ಅಕ್ಕ, ಆಮೇಲೆ ಮಾತಾಡುವ."

ಫೋನು ನಿಂತಿತು.

ಶೆಟ್ಟರು ಅಕ್ಕಿ ಚೀಲದಿಂದ ನಿಧಾನವಾಗಿ ಎದ್ದರು.

"ಅದು ನಮ್ಮ ಅಜ್ಜ ತೋಡಿಸಿದ ಬಾವಿ ಅಕ್ಕ" ಎಂದರು. "ಮೇ ತಿಂಗಳಲ್ಲೂ ನೀರು ಬತ್ತಿದ್ದಿಲ್ಲ. ಕೇರಿಯ ಅರ್ಧ ಮನೆಗೆ ಅದೇ ನೀರು. ಅದನ್ನು ಅವಳು ಯಾಕೆ ಮುಚ್ಚಿಸ್ತಾಳೆ?"